ನಾಲ್ಕನೇ ಸಿಟ್ಟಿಂಗ್

ಮಾರ್ಚ್ 3, ಬೆಳಿಗ್ಗೆ 9.30

ಎಂದಿನಂತೆ ಎರಡೂ ಕೋಣೆಗಳ ಬೀಗ ತೆಗೆದೆ. ಎರಡರಲ್ಲೂ ನೀರಿನ ಬಾಟಲಿ ಇಟ್ಟೆ. ಕಾನೂನು ನೆರವು ಕಚೇರಿಯಿಂದ ಪತ್ರ — ಈ ಜೀವನಾಂಶದ ಕೇಸಿನ ಸಂಧಾನಕ್ಕೆ ಮೂರು ಸಿಟ್ಟಿಂಗಿನ ಹಣ ಮಾತ್ರ. ಅಷ್ಟರಲ್ಲಿ ರಾಜಿಯಾಗದಿದ್ದರೆ ಕೋರ್ಟು. ಅಲ್ಲಿ ವರ್ಷಗಟ್ಟಲೆ. ಕೇಸು ಹಾಕಿದ ಹುಡುಗಿಯ ಕಾಲೇಜು ಫೀಸು ಕಟ್ಟಲು ಜೂನ್ ಕೊನೆಯ ಗಡುವು.

ಮಧ್ಯಾಹ್ನ 1

ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಮಗಳಿಗೆ ಇಪ್ಪತ್ತೊಂದು, ಫಿಸಿಯೋಥೆರಪಿ, ಇನ್ನೆರಡು ವರ್ಷ ಇದೆ. ಅಪ್ಪ ಅಮ್ಮ ಬೇರೆಯಾದಾಗಿನಿಂದ, ಆರು ವರ್ಷ, ಅಪ್ಪ ಮಗಳಿಗೆ ಮಾತಿಲ್ಲ. ಒಂದೇ ಕೋಣೆಯಲ್ಲಿ ಕೂರುವುದಿಲ್ಲವಂತೆ. ಹಾಗಾಗಿ ನಾನೇ ಅಂಚೆಯವಳು.

"ಮೇಜರ್ ಆದ್ಳಲ್ಲ ಮೇಡಂ. ಇನ್ನೂ ನನ್ ತಲೆ ಮೇಲೇ ಕೂರ್ಬೇಕಾ?" ಎಂದರು. ಹೇಳಿದ್ದನ್ನು ಹೇಳಿದ ಹಾಗೇ ಒಯ್ಯಬೇಕು, ಅದು ನಿಯಮ. ಆದರೂ ಹುಡುಗಿಗೆ, ಅಪ್ಪನಿಗೂ ಕಷ್ಟವಿದೆಯಂತೆ ಎಂದಷ್ಟೇ ಹೇಳಿದೆ. ಬೆಂಕಿಗೆ ತುಪ್ಪ ಸುರಿಯುವುದು ಯಾಕೆ?

ಮಾರ್ಚ್ 17

ಎರಡನೆಯದು. ಅಪ್ಪ ಕುಂಟುತ್ತಾ ಬಂದರು. ಕ್ಲಚ್ ಒತ್ತಿ ಒತ್ತಿ ಮೊಣಕಾಲು ಹೋಗಿದೆ.

"ಅವ್ರ ಮುಖ ನೋಡೋಕೂ ಇಷ್ಟ ಇಲ್ಲ. ಫೀಸ್ ಕಟ್ಲಿ, ಸಾಕು" ಎಂದಳು ಹುಡುಗಿ. ಇದನ್ನು ಹೊತ್ತುಕೊಂಡು ಹನ್ನೊಂದು ಹೆಜ್ಜೆ ನಡೆದೆ. ಅಪ್ಪನ ಕೋಣೆ ಸೇರುವಷ್ಟರಲ್ಲಿ ಬಾಯಿಂದ ಬಂದದ್ದೇ ಬೇರೆ — ಮೊಣಕಾಲು ಹೇಗಿದೆ ಅಂತ ಕೇಳಿದಳು, ಎಂದುಬಿಟ್ಟೆ. ಅಪ್ಪಟ ಸುಳ್ಳು.

ಅವರು ಕನ್ನಡಕ ಒರೆಸಿದರು. ತುಂಬಾ ಹೊತ್ತು ಒರೆಸಿದರು. ಆಮೇಲೆ ಫೀಸು ಪೂರ್ತಿ ತಾನೇ ಕಟ್ಟುತ್ತೇನೆಂದು ಒಪ್ಪಿದರು. ಸಹಿ ಮಾತ್ರ ಒಂದೇ ಕೋಣೆಯಲ್ಲಿ ಆಗಬೇಕಂತೆ. ಹುಡುಗಿಯೂ ಗೊಣಗಿಕೊಂಡೇ ಹ್ಞೂಂ ಅಂದಳು. ನಾನು ಕುಣಿಯುವುದೊಂದು ಬಾಕಿ.

ಮಾರ್ಚ್ 18

ಹುಡುಗಿಗೆ ಫೋನ್ ಮಾಡಿ ಹೇಳಿಬಿಡಲೇ... ಬೇಡ. ಐದು ನಿಮಿಷದ ಸಹಿ ತಾನೇ.

ಮಾರ್ಚ್ 31, ಮಧ್ಯಾಹ್ನ 12

ಮೂರನೆಯದೂ ಮುಗಿಯಿತು. ಪೆನ್ನಿನ ಮುಚ್ಚಳ ತೆಗೆಯುತ್ತಾ ಅವರು, "ನನ್ ಕಾಲಿನ ವಿಚಾರ ಕೇಳಿದ್ಯಂತೆ. ಸಂತೋಷ ಆಯ್ತಮ್ಮ" ಎಂದರು.

"ನಾನ್ಯಾವಾಗ ಕೇಳ್ದೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಆರು ವರ್ಷದಲ್ಲಿ ಅಪ್ಪ ಮಗಳು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಅಪ್ಪ ಸಹಿ ಮಾಡದೆ ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು. ಹುಡುಗಿ ಬಾಗಿಲವರೆಗೂ ಆ ಕಾಲನ್ನೇ ನೋಡಿದಳು. ಹೆಜ್ಜೆ ತಪ್ಪಾಗಿ ಊರುತ್ತಿದ್ದಾರೆ ಎಂದಳು, ಯಾರಿಗೋ ಹೇಳುವ ಹಾಗೆ.

ನಾಚಿಕೆಯಾಗುತ್ತಿದೆ.

ಏಪ್ರಿಲ್ 9, ಸಂಜೆ 4

ಒಂಬತ್ತು ದಿನ ಈ ಪುಸ್ತಕ ಮುಟ್ಟಲಿಲ್ಲ. ಇವತ್ತು ನೆರವು ಕಚೇರಿಯ ಗುಮಾಸ್ತರ ಫೋನು. ಪಕ್ಷಗಾರರ, ಅಂದರೆ ಅಪ್ಪ ಮಗಳ, ಹಟದಿಂದ ಸಂಧಾನ ಮುರಿದಿದ್ದರೆ ಫೈಲು ಮುಚ್ಚುತ್ತಾರೆ. ಸಂಧಾನಕಾರರ ತಪ್ಪಿನಿಂದಾದರೆ ಬೇರೆಯವರ ಮುಂದೆ ನಾಲ್ಕನೇ ಸಿಟ್ಟಿಂಗಿಗೆ ಹಣ ಸಿಗುತ್ತದೆ. ತಪ್ಪು ಮಾಡಿದವರ ಹೆಸರು ಸಂಧಾನಕಾರರ ಪಟ್ಟಿಯಿಂದ ಹೋಗುತ್ತದೆ. ನನ್ನದು ಹದಿನಾಲ್ಕು ವರ್ಷದ ಕೆಲಸ. "ಯೋಚ್ನೆ ಮಾಡಿ ಬರೀರಿ ಮೇಡಂ" ಎಂದರು, ದನಿ ತಗ್ಗಿಸಿ.

ಫಾರಂ ಮುಂದಿದೆ. 'ವಿಫಲವಾಗಲು ಕಾರಣ' — ಎರಡು ಗೆರೆ ಜಾಗ. 'ಪಕ್ಷಗಾರರ ಹಟ' ಎಂದು ಬರೆದೆ. ಓದಿದೆ. ಹೊಡೆದುಹಾಕಿದೆ. ಫಾರಂಗೆ ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆದದ್ದನ್ನು ಆದ ಹಾಗೇ:

ಮಾರ್ಚ್ 17ರಂದು, ಮಗಳು ಆಡದ ಮಾತನ್ನು ನಾನು —