ನಾಲ್ಕನೇ ನಂಬರು

ಫೆಬ್ರವರಿ 2, ಭಾನುವಾರ, ಬೆಳಗ್ಗೆ 9

ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ನಿನ್ನೆಯದು ನಮ್ಮ ಮೆಚ್ಚಿನ ಬ್ಯಾಂಡಿನ, ನಾನು ನೋಡಿದ ನಲವತ್ತೊಂದನೇ ಶೋ. ಹಳೇ ಸಿನಿಮಾ ಹಾಲು, ಕುರ್ಚಿ ಕಿತ್ತು ನೆಲ ಸಮ ಮಾಡಿದ್ದಾರೆ. ಆರೂವರೆಗೆ ಶುರು, ಎಂಟೂ ಹತ್ತಕ್ಕೆ ಮುಕ್ತಾಯ. ಹದಿನಾರು ಹಾಡು. ಐದನೆಯದರಲ್ಲಿ ಡ್ರಮ್ಮರನ ಕೋಲು ಮುರಿದು, ತುಂಡು ನನ್ನ ಭುಜಕ್ಕೆ ಬಿತ್ತು. ಲಯ ಬಿಡಲಿಲ್ಲ ಆಸಾಮಿ. ಇನ್ನೊಂದು ಕೋಲು ಸಿಗುವ ತನಕ ಎಡಗೈಯೊಂದರಲ್ಲೇ ತಳ್ಳಿದ. ಹಾಡುಗಾರನಿಗೆ ನೆಗಡಿ. ಮೇಲಿನ ಸ್ವರ ಬಂದಾಗಲೆಲ್ಲ ಮೈಕನ್ನು ನಮ್ಮ ಕಡೆ ತಿರುಗಿಸಿದ... ಜಾಣ.

ನಿಂತದ್ದು ಎಂದಿನ ಜಾಗ. ವೇದಿಕೆ ಮುಂದಿನ ಎಡಗಡೆ ಕಂಬಿ, ದೊಡ್ಡ ಸ್ಪೀಕರಿನ ಎದುರು. ಅಲ್ಲಿ ಬಾಸ್ ಗಿಟಾರು ಕಿವಿಗೆ ಕೇಳಿಸುವುದಿಲ್ಲ, ಪಕ್ಕೆಲುಬಿಗೆ ಬಡಿಯುತ್ತದೆ. ಪಕ್ಕದಲ್ಲಿ ಒಂದಾಳಿನ ಜಾಗ ಬಿಟ್ಟಿದ್ದೆ. ಹಿಂದಿದ್ದವನು, "ಯಾರಾದ್ರೂ ಬರ್ತಾರಾ ಸಾರ್?" ಅಂದ. ಇಲ್ಲ ಅಂದೆ. ತೂರಿಕೊಂಡ.

ಅಕ್ಕನ ಜಾಗ ಅದು. ಮೊದಲ ಮೂವತ್ತೊಂದು ಶೋ ಇಬ್ಬರೂ ಒಟ್ಟಿಗೇ ನೋಡಿದ್ದು. ಎರಡು ವರ್ಷದಿಂದ ಅವಳು ಬರುತ್ತಿಲ್ಲ.

ಫೆಬ್ರವರಿ 6, ಗುರುವಾರ

ಅಂಗಡಿಯಲ್ಲಿ ಹನ್ನೊಂದು ಜೊತೆ ಕನ್ನಡಕದ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿದೆ. ಮಧ್ಯಾಹ್ನ ಸುದ್ದಿ: ಬ್ಯಾಂಡ್ ನಿಲ್ಲಿಸುತ್ತಾರಂತೆ. ಕೊನೇ ಶೋ ಏಪ್ರಿಲ್ 13, ಇದೇ ಊರು, ಅದೇ ಹಾಲು.

ಅಕ್ಕನಿಗೆ ಫೋನ್ ಮಾಡಿದೆ. ಡಿಪೋದಲ್ಲಿದ್ದಳು. ಬಸ್ ಓಡಿಸುತ್ತಾಳೆ. ಇಂಜಿನ್ ಸದ್ದಿನ ಮೇಲೆ ಕೂಗಿಯೇ ಮಾತು.

"ಕೊನೇದಕ್ಕಾದ್ರೂ ಬಾ ಅಕ್ಕಾ."

"ಆ ಟೇಲರಮ್ಮ ಇರ್ತಾಳಾ?"

"ಇರ್ತಾರೆ."

"ಹಾಗಾದ್ರೆ ನೀನೇ ಕುಣ್ಕೊಂಡು ಬಾ."

ಫೆಬ್ರವರಿ 7, ಶುಕ್ರವಾರ

ಬರೆದೇ ಬಿಡುತ್ತೇನೆ. ಎಲ್ಲೂ ಬರೆದಿಲ್ಲ.

ಟೇಲರಮ್ಮ ನಮ್ಮ ಕ್ಯೂನ ಯಜಮಾನಿ. ಬ್ಲೌಸ್ ಹೊಲಿಯುವ ಕೆಲಸ, ವಯಸ್ಸು ಅರವತ್ತರ ಆಸುಪಾಸು. ಯಾರೂ ನೇಮಿಸಿದ್ದಲ್ಲ. ಶೋ ದಿನ ಬೆಳಗ್ಗೆಯೇ ಬಂದವರಿಗೆ ಮಣಿಕಟ್ಟಿನ ಮೇಲೆ ಮಾರ್ಕರಿನಲ್ಲಿ ನಂಬರು ಬರೆಯುತ್ತಾರೆ. ಎರಡು ಗಂಟೆಗೊಮ್ಮೆ ಹಾಜರಿ. ಓಗೊಡದಿದ್ದರೆ ನಂಬರು ರದ್ದು, ಕ್ಯೂನ ಬಾಲಕ್ಕೆ ಹೋಗಬೇಕು. ಒಂದೇ ವಿನಾಯಿತಿ: ಪಕ್ಕದ ನಂಬರಿನವರು ಜಾಮೀನು ನಿಂತರೆ ಹದಿನೈದು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಬರದಿದ್ದರೆ ಇಬ್ಬರದ್ದೂ ರದ್ದು.

ಎರಡು ವರ್ಷದ ಹಿಂದೆ ಅಕ್ಕ ನಾಲ್ಕು, ನಾನು ಐದು. ನನಗೆ ತಲೆ ಸಿಡಿಯುತ್ತಿತ್ತು. ಅಕ್ಕ ಮಾತ್ರೆ ತರಲು ಹೋದಳು. ಹಾಜರಿ ಶುರುವಾಯಿತು. "ನಾಲ್ಕು ಎಲ್ಲಪ್ಪ?" ಅಂದರು ಟೇಲರಮ್ಮ. ಭಾನುವಾರ, ಹತ್ತಿರದ ಮೆಡಿಕಲ್ ಶಾಪ್ ಮುಚ್ಚಿತ್ತು. ಅವಳು ಎಷ್ಟು ದೂರ ಹೋಗಿದ್ದಾಳೋ... ನನ್ನ ನಂಬರೂ ಹೋದರೆ?

"ಗೊತ್ತಿಲ್ಲ" ಅಂದೆ.

ಅಕ್ಕ ಬಂದದ್ದು ಒಂಬತ್ತನೇ ನಿಮಿಷಕ್ಕೆ. ಅಷ್ಟರಲ್ಲಿ ಪಟ್ಟಿಯಲ್ಲಿ ನಾಲ್ಕರ ಮೇಲೆ ಗೆರೆ ಎಳೆದಾಗಿತ್ತು. "ನಾನು ಹೇಳ್ದೆ ಅಕ್ಕಾ, ಅವ್ರು ಕೇಳಲೇ ಇಲ್ಲ" ಅಂದೆ. ಮಾತ್ರೆ ನನ್ನ ಕೈಗಿಟ್ಟು ಬಾಲಕ್ಕೆ ಹೋದಳು. ನಾನು ಕಂಬಿ ಹಿಡಿದು ಹದಿನೆಂಟು ಹಾಡು ನೋಡಿದೆ. ಒಳ್ಳೆಯ ಶೋ.

ಮಾರ್ಚ್ 16, ಭಾನುವಾರ

ನಿನ್ನೆ ಅದೇ ಹಾಲಿನಲ್ಲಿ ನಲವತ್ತೆರಡನೇ ಶೋ. ಬೇಕೆಂದೇ ತಡವಾಗಿ ಹೋಗಿ ಹಿಂದೆ ನಿಂತೆ, ನಂಬರು ಹೋದ ದಿನ ಅಕ್ಕ ನಿಂತಿದ್ದ ಕಂಬದ ಪಕ್ಕ. ಅವಳ ಎತ್ತರ ನನ್ನ ಭುಜಕ್ಕೆ. ಎರಡು ಹಾಡಿಗೆ ಮೊಣಕಾಲು ಬಗ್ಗಿಸಿ ನೋಡಿದೆ. ಕಂಡದ್ದು: ಬೆನ್ನುಗಳು, ಎತ್ತಿದ ಫೋನುಗಳು, ಒಬ್ಬನ ಹೆಗಲೇರಿದ ಹುಡುಗಿಯ ಚಪ್ಪಲಿ. ವೇದಿಕೆ ಕಾಣಲಿಲ್ಲ. ಬೆಳಕು ಚಾವಣಿಗೆ ಬಿದ್ದಾಗ ಬಣ್ಣ ಬದಲಾದದ್ದು ಕಂಡಿತು. ಬಾಸ್ ಅಲ್ಲಿಯವರೆಗೆ ಬರುವಾಗ ಬರೀ ಗೊರಗೊರ. ಪಕ್ಕದವನು, "ಮಂಡಿ ನೋವಾ ಸಾರ್?" ಅಂತ ಕೇಳಿದ.

ಮಾರ್ಚ್ 22, ಶನಿವಾರ

ಟೇಲರಮ್ಮ ಅಂಗಡಿಗೆ ಬಂದರು. ಸೂಜಿಗೆ ದಾರ ಪೋಣಿಸಲು ಕಾಣುತ್ತಿಲ್ಲವಂತೆ, ಹೊಸ ಗಾಜು ಬೇಕು. ಕೂತಲ್ಲಿಂದಲೇ ಕೇಳಿದರು.

"ನಿಮ್ಮಕ್ಕ ನನ್ನ ನೋಡಿದ್ರೆ ರಸ್ತೆ ದಾಟ್ತಾಳೆ. ಮೊನ್ನೆ ಅವಳದೇ ಬಸ್ಸು ಹತ್ತಿದೆ. ಕನ್ನಡಿಯಲ್ಲಿ ಹೇಗೆ ನೋಡಿದ್ಲು ಅಂತೀಯ, ಮುಂದಿನ ಸ್ಟಾಪಲ್ಲೇ ಇಳಿದುಬಿಟ್ಟೆ. ನಾನೇನಪ್ಪ ಮಾಡ್ದೆ ಅವಳಿಗೆ?"

"ಏನಿಲ್ಲಮ್ಮ. ಅವಳ ಸ್ವಭಾವವೇ ಹಾಗೆ."

ಮತ್ತೊಂದು ಸುಳ್ಳು. ಅವರ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದ್ದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಮೊದಲ ಸಲ. ಬಿಚ್ಚಿ ಸರಿ ಮಾಡಿಕೊಟ್ಟೆ.

ಮಾರ್ಚ್ 23, ಭಾನುವಾರ

ಅಕ್ಕನ ಮನೆಗೆ ಹೋದೆ. ಭಾವ ಬಾಗಿಲು ತೆಗೆದು, ನನ್ನ ಮುಖ ನೋಡಿ, ಅಂಗಡಿಗೆ ಹೋಗಿ ಬರ್ತೀನಿ ಅಂತ ಹೊರಟೇಬಿಟ್ಟರು. ಅಕ್ಕ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ನಿಂತೇ ಹೇಳಿದೆ. ನಡೆದದ್ದು ನಡೆದ ಹಾಗೆ.

ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ಎರಡು ವರ್ಷ ಆ ಹೆಂಗಸಿಗೆ ಶಾಪ ಹಾಕಿದೀನಲ್ಲೋ."

"ಹೂಂ."

"ಮಾತ್ರೆ? ನಾನು ತಂದ ಮಾತ್ರೆ ನುಂಗಿದ್ಯಾ?"

"ನುಂಗಿದೆ."

"ತಲೆನೋವು ಹೋಯ್ತಾ?"

"ಹೋಯ್ತು."

"ಮಾನಗೆಟ್ಟವನೆ," ಅಂದಳು. "ಹೊರಡು ಈಗ. ಕಾಲರ್ ಸುಟ್ಟುಹಾಕ್ತೀನಿ ಇಲ್ಲಾಂದ್ರೆ."

ಕಾಲರೋ, ನನ್ನನ್ನೋ... ಕೇಳಲಿಲ್ಲ.

ಏಪ್ರಿಲ್ 11, ಶುಕ್ರವಾರ

ಹತ್ತೊಂಬತ್ತು ದಿನ ಮಾತಿಲ್ಲ. ಇವತ್ತು ಮೆಸೇಜು: "ಭಾನುವಾರ ಏಳಕ್ಕೆ ಬರ್ತೀನಿ. ಎದ್ದಿರು." ಮೂರು ಸಲ ಓದಿದೆ. ನನಗೇ ಕಳಿಸಿದ್ದು.

ಏಪ್ರಿಲ್ 13, ಭಾನುವಾರ, ಬೆಳಗ್ಗೆ 8

ಹಾಲಿನ ಎದುರು, ಫುಟ್‌ಪಾತ್ ಮೇಲೆ. ಅಕ್ಕ ಬ್ಯಾಂಡಿನ ಹಸಿರು ಜಾಕೆಟ್ ಹಾಕಿದ್ದಾಳೆ. ಜಿಪ್ ಹೋಗಿದೆ, ಪಿನ್ನು ಚುಚ್ಚಿದ್ದಾಳೆ. ಬಂದವಳೇ ಟೇಲರಮ್ಮನ ಹತ್ತಿರ ಹೋಗಿ ಏನೋ ಹೇಳಿದಳು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಶೂ ಲೇಸು ಕಟ್ಟಿಕೊಂಡೆ.

"ಬಾ ತಾಯಿ, ಕೈ ಕೊಡು," ಅಂದರು ಟೇಲರಮ್ಮ. ಅಕ್ಕ ಒಂಬತ್ತು, ನಾನು ಹತ್ತು. ಎಡಗಡೆ ಕಂಬಿಗೆ ಹತ್ತು ಜನ ಹಿಡಿಸುತ್ತಾರೆ. ಲೆಕ್ಕ ಸರಿಯಾಗಿದೆ.

ಮಧ್ಯಾಹ್ನ 1.20

ಮೂರು ಹಾಜರಿ ಆಯಿತು. ಒಳಗೆ ವಾದ್ಯ ಸರಿಮಾಡುತ್ತಿದ್ದಾರೆ. ಗೋಡೆಯಾಚೆಯಿಂದ ಬಾಸ್ ಬಂದಾಗ ಅಕ್ಕ ಬೆನ್ನನ್ನು ಗೋಡೆಗೆ ಒತ್ತಿ ಕೂತಳು. "ಬಂತು ನೋಡೋ," ಅಂದಳು. ಇವತ್ತಿನ ಮಟ್ಟಿಗೆ ಅದೇ ಉದ್ದನೆಯ ಮಾತು.

3.05

ಮೂರೂವರೆಗೆ ಬಾಗಿಲು. ಮೂರಕ್ಕೆ ಕೊನೇ ಹಾಜರಿ. ಅದಕ್ಕೆ ಎರಡು ನಿಮಿಷ ಮುಂಚೆ ಅಕ್ಕ ಎದ್ದು ಪ್ಯಾಂಟಿನ ಧೂಳು ಕೊಡವಿದಳು.

"ಮಾತ್ರೆ ತರ್ತೀನಿ."

"ಯಾರಿಗೆ?"

"ತಲೆನೋವಿಗೆ."

"ಯಾರ ತಲೆಗೆ ಅಕ್ಕಾ?"

ತಿರುಗಿ ನೋಡದೆ ಹೋದಳು.

"ಒಂಬತ್ತು?" ಅಂದರು ಟೇಲರಮ್ಮ. ಹೊಸ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ನಮ್ಮಕ್ಕ. ಮಾತ್ರೆ ತರಕ್ಕೆ ಹೋಗಿದಾಳೆ. ಬರ್ತಾಳೆ."

"ಜಾಮೀನಾ?"

"ಜಾಮೀನು."

"ಕೊನೇ ಶೋ ಕಣಪ್ಪ. ಬರ್ದೇ ಹೋದ್ರೆ ನಿಂದೂ ಹೋಯ್ತು."

"ಗೊತ್ತಮ್ಮ. ಬರ್ಕೊಳ್ಳಿ."

ಬರೆದುಕೊಂಡರು. ಮೂರು ಗಂಟೆ, ಎರಡು ನಿಮಿಷ.

3.13

ಭಾನುವಾರ. ಹತ್ತಿರದ ಮೆಡಿಕಲ್ ಶಾಪ್ ಇವತ್ತೂ ಮುಚ್ಚಿದೆ, ಬರುವಾಗಲೇ ನೋಡಿದ್ದೆ. ಅವಳೂ ನೋಡಿದ್ದಳು. ಹನ್ನೊಂದನೇ ನಂಬರಿನವನು ಒಮ್ಮೆ ವಾಚು ನೋಡುತ್ತಾನೆ, ಒಮ್ಮೆ ನನ್ನನ್ನು. ಫೋನ್ ಮಾಡಲೇ ಅಂದುಕೊಂಡೆ. ಮಾಡುವುದಿಲ್ಲ. ಬಂದರೆ ಕಂಬಿ. ಬರದಿದ್ದರೆ ಹಿಂದೆ, ಆ ಕಂಬದ ಪಕ್ಕ. ಅಲ್ಲಿ ಹೇಗಿರುತ್ತದೆಂದು ಗೊತ್ತಿದೆ.

3.16

ಟೇಲರಮ್ಮ ಪೆನ್ನಿನ ಮುಚ್ಚಳ ತೆಗೆದರು. ಒಂದು ನಿಮಿಷ ಇದೆಯಮ್ಮ ಅಂದೆ. ತಿರುವಿನಲ್ಲಿ ಹಸಿರು ಜಾಕೆಟ್. ಓಡುತ್ತಿಲ್ಲ, ಅವಸರವೂ ಇಲ್ಲ, ಸ್ಟಾಪಿಗೆ ಬಸ್ಸು ತರುವ ಹಾಗೆ ಬರುತ್ತಿದ್ದಾಳೆ. ಕೈ ಮೇಲೆತ್ತಿ ಏನೋ ತೋರಿಸುತ್ತಿದ್ದಾಳೆ.