ಆ ತೋಳು ಅವನು ಕಿತ್ತದ್ದಲ್ಲ, ನನ್ನ ಹೊಲಿಗೆ ಬಿಟ್ಟದ್ದು

ಮಾನ್ಯ ತನಿಖಾಧಿಕಾರಿಗಳೇ,

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಕಸ ಗುಡಿಸಿ, ನೀರು ತುಂಬಿಸಿ, ಮನೆಯವರಿಗೆ ಅಡುಗೆ ಮಾಡಿಟ್ಟು ದೇವರ ಮುಂದೆ ಕೂತೆ. ಕೈ ಮುಗಿದರೆ ಕೈ ಕೂಡುತ್ತದೆ, ಮನಸ್ಸು ಕೂಡುವುದಿಲ್ಲ. ಹನ್ನೊಂದು ದಿನದಿಂದ ಇದೇ ಪಾಡು. ಸುತ್ತಿ ಬಳಸಿ ಹೇಳುವುದಿಲ್ಲ: ಹೆಸರಾಂತ ಗಾಯಕರ ಮೇಲೆ ಬಿದ್ದು ಕೋಟಿನ ತೋಳನ್ನೇ ಕಿತ್ತನೆಂದು ನೀವು ಒಳಗೆ ಹಾಕಿರುವ, ಪತ್ರಿಕೆಗೆ ಫೋಟೋ ತೆಗೆಯುವ ಆ ಫೋಟೋದವನು ತೋಳು ಕಿತ್ತಿಲ್ಲ. ಅದು ಕಳಚಿ ಬಂದದ್ದು ನನ್ನ ತಪ್ಪಿನಿಂದ. ಇದನ್ನು ಹೇಳಲು ನಿಮ್ಮ ಠಾಣೆಗೆ ಮೂರು ಸಲ ಬಂದೆ. ನಿಮ್ಮಲ್ಲಿ ಕುರ್ಚಿಗಳು ಖಾಲಿ ಇದ್ದವು, ಕಿವಿಗಳು ಇರಲಿಲ್ಲ. ಅದಕ್ಕೇ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಕಾನೂನು ಗೊತ್ತಿಲ್ಲ, ಹೊಲಿಗೆ ಗೊತ್ತು. ಆ ಗಾಯಕರ ಉಡುಪು ಹೊಲಿಯುವ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಕಾರ್ಯಕ್ರಮದ ದಿನ ಸೂಜಿ ದಾರ ಹಿಡಿದು ಅವರ ಕೋಣೆಯಲ್ಲಿ ನಿಲ್ಲುವವಳೂ ನಾನೇ. ಐದನೆಯ ಹಾಡಿಗೆ ಅವರು ಎಡತೋಳನ್ನು ಸರ್ರನೆ ಕಿತ್ತು ಜನರತ್ತ ಎಸೆಯುವುದನ್ನು ಲೋಕವೆಲ್ಲ ನೋಡಿದೆ. ಕಡ್ಡಿಯಂಥ ಮನುಷ್ಯ ದಪ್ಪ ಕೋಟಿನ ತೋಳನ್ನು ಒಂದೇ ಕೈಯಲ್ಲಿ ಹೇಗೆ ಕೀಳುತ್ತಾನೆ ಎಂದು ನಿಮ್ಮ ಠಾಣೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಗುಟ್ಟು ಇಷ್ಟೇ. ಮೊದಲ ನಾಲ್ಕು ಹಾಡಿಗೆ ಕಪ್ಪು ದಾರದ ಗಟ್ಟಿ ಹೊಲಿಗೆ ಇರುತ್ತದೆ. ಅವರು ನೀರು ಕುಡಿಯಲು ಒಳಗೆ ಬಂದಾಗ ನಾನು ಅದನ್ನು ಬಿಚ್ಚಿ, ಕೆಳಗಿನ ಬಿಳಿ ದಾರದ ಕಚ್ಚಾ ಹೊಲಿಗೆಯನ್ನಷ್ಟೇ ಉಳಿಸುತ್ತೇನೆ. ಆಮೇಲೆ ಕೂಸು ಎಳೆದರೂ ತೋಳು ಕೈಗೆ ಬರುತ್ತದೆ.

ಅಂದು ಕೋಟು ಇಸ್ತ್ರಿಯಿಂದ ತಡವಾಗಿ ಬಂತು. ಕಚ್ಚಾ ಹೊಲಿಗೆಯಲ್ಲೇ ಅವರಿಗೆ ತೊಡಿಸಿದೆ, ಮೈಮೇಲೆಯೇ ಗಟ್ಟಿ ಹೊಲಿಗೆ ಹಾಕೋಣವೆಂದು. ಸೂಜಿಗೆ ದಾರ ಪೋಣಿಸಿ ಎರಡು ನಿಮಿಷ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ನನ್ನ ಅಭ್ಯಾಸ. ಫೋನಿನಲ್ಲಿ ಮುಖ ಹುದುಗಿಸಿಕೊಂಡಿದ್ದ ಅವರು, "ಮುಗೀತಾ ಅಮ್ಮಾ? ಹೊರಡ್ಲಾ?" ಎಂದರು. ಪ್ರಾರ್ಥನೆಯ ನಡುವೆ ನಾನು ಮಾತಾಡುವವಳಲ್ಲ. ಕೊನೆಗೆ ದೇವರಿಗೆ ತಲೆ ಬಾಗಿಸಿದೆ. ಅದು ತಮಗೆ ಹೂಂ ಅಂದದ್ದೆಂದುಕೊಂಡು ಅವರು ಹೊರಟೇಬಿಟ್ಟರು. ಕಣ್ಣು ಬಿಟ್ಟರೆ ಕೈಯಲ್ಲಿ ಸೂಜಿ ಇದೆ, ಕೋಟೂ ಇಲ್ಲ, ಕೋಟಿನೊಳಗಿನವರೂ ಇಲ್ಲ.

ಓಡಿದೆ. ವೇದಿಕೆಗೆ ಹೋಗುವ ಓಣಿಯಂಥ ದಾರಿಯಲ್ಲಿ ಫೋಟೋದವನು, "ಸಾರ್, ರಾಗ ಕದ್ದಿರೋ ಕೇಸಿಗೆ ಏನಂತೀರಾ?" ಎಂದು ಕೇಳುತ್ತಿದ್ದ. ಕಾವಲಿನವರು ಎದೆಗೆ ಕೈ ಹಾಕಿ ನೂಕಿದರು. ಬೀಳುವವನು ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಆ ತೋಳು. ಅದು ಕಳಚಿ ಬಂದ ರಭಸಕ್ಕೆ ಗಾಯಕರು ಮೆಟ್ಟಿಲ ಮೇಲೆ ಉರುಳಿದರು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಸಂಜೆಗೆ ಟಿವಿಯಲ್ಲಿ ಅದು ಕೊಲೆ ಯತ್ನವಾಗಿತ್ತು.

ಗಾಯಕರು ದೇವರಂಥವರು ಎಂದು ನಾನು ಹೇಳುವುದಿಲ್ಲ. ರಾಗದ ಕೇಸು ಒಂದು ಕೋರ್ಟಿನಲ್ಲಿದೆ, ಕಾರು ನುಗ್ಗಿಸಿದ ಕೇಸು ಇನ್ನೊಂದರಲ್ಲಿ. ನಾಲಿಗೆಯ ಮೇಲೆ ಕೇಸು ಹಾಕುವುದಾದರೆ ನಿಮಗೆ ಕಪಾಟು ಸಾಲದು. ನನ್ನ ಮೇಲೂ ಒಮ್ಮೆ ಗುಂಡುಸೂಜಿಯ ಡಬ್ಬಿ ಎಸೆದಿದ್ದಾರೆ. ಆದರೆ ದೂರಿನಲ್ಲಿ ಅವರು ಬೇಕೆಂದು ಸುಳ್ಳು ಹೇಳಿಲ್ಲ. ಗಟ್ಟಿ ಹೊಲಿಗೆ ಬಿದ್ದಿದೆ ಎಂದೇ ನಂಬಿದ್ದರು. ನಿಜ ಗೊತ್ತಿದ್ದವಳು ನಾನೊಬ್ಬಳೇ.

ಮೂರನೆಯ ದಿನ ಫೋಟೋದವನ ಅಕ್ಕ ಅಂಗಡಿಗೆ ಬಂದಳು. "ಅಕ್ಕಾ, ನೀವು ಅಲ್ಲೇ ಇದ್ರಂತೆ. ನನ್ನ ತಮ್ಮ ಒಂದು ಇರುವೇನೂ ನೋಯಿಸಿದವನಲ್ಲ. ಏನಾದ್ರೂ ನೋಡಿದ್ರೆ ಹೇಳಿ." ಅಂಗಡಿಯ ಮಾಸ್ಟರ್ ಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿದರು. "ನಾನು ನೋಡಿಲ್ಲಮ್ಮ" ಎಂದೆ. ಐವತ್ತು ವರ್ಷಕ್ಕೆ ನನ್ನ ಬಾಯಲ್ಲಿ ಎಂಥ ಮಾತು ಬಂತು! ಅವಳು ಹೋದಮೇಲೆ ಮಾಸ್ಟರ್, "ಒಳ್ಳೇದು ಮಾಡ್ದೆ ಕಣಮ್ಮಾ, ನಮ್ಮೆಲ್ಲರ ಅನ್ನ ಉಳೀತು" ಎಂದರು. ಅಂದಿನಿಂದ ಆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಮರುದಿನವೇ ನಿಮ್ಮಲ್ಲಿಗೆ ಬಂದೆ. ಬರೆದುಕೊಳ್ಳುವವರು, "ನೀವು ಹಾಡೋರ ಕಡೆಯೋ, ಫೋಟೋ ಕಡೆಯೋ?" ಎಂದರು.

"ಸೂಜಿ ಕಡೆ, ಸ್ವಾಮಿ."

"ಹೋಗಮ್ಮಾ, ದಾರ ಸೂಜಿ ಎಲ್ಲಾ ಕೇಸಿಗೆ ಬರಲ್ಲ."

ಎರಡನೆಯ ಸಲ ಸಾಹೇಬರಿಲ್ಲ ಎಂದರು. ಮೂರನೆಯ ಸಲ, ತಮ್ಮ ಮಗಳಿಗೆ ಮುಂದಿನ ಕಾರ್ಯಕ್ರಮದ ಪಾಸು ಸಿಗುತ್ತದೆಯೇ ಎಂದು ಕೇಳಿದರು. ಇದನ್ನೇ ತನಿಖೆ ಎನ್ನುವುದಾದರೆ, ಮಾನ್ಯರೇ, ಹಳ್ಳಿ ಶಾಲೆಯಲ್ಲಿ ನನಗೆ ಆ ಪದದ ಅರ್ಥ ತಪ್ಪು ಕಲಿಸಿದ್ದಾರೆ.

"ತೋಳು ಕಿತ್ತುಬರುವಷ್ಟು ಬಲಪ್ರಯೋಗ" ಎಂದು ನೀವು ಬರೆದುಕೊಟ್ಟ ಒಂದೇ ಮಾತಿನ ಮೇಲೆ ಅವನಿಗೆ ಜಾಮೀನು ತಪ್ಪಿತು. ಸೋಮವಾರ ಮತ್ತೆ ವಿಚಾರಣೆ ಇದೆ. ಅದಕ್ಕೆ ಮೊದಲು ನೀವು ಮೊಹರು ಹಾಕಿಟ್ಟಿರುವ ಆ ಪೊಟ್ಟಣ ಬಿಚ್ಚಿಸಿ ನೋಡಿ. ಬಟ್ಟೆಯ ಒಂದು ಎಳೆಯೂ ಹರಿದಿರುವುದಿಲ್ಲ. ಅಂಚಿನಲ್ಲಿ ಬಿಳಿ ದಾರದ ತುಣುಕುಗಳಿರುತ್ತವೆ, ಕಪ್ಪು ದಾರ ಹುಡುಕಿದರೂ ಸಿಗದು. ಗಟ್ಟಿ ಹೊಲಿಗೆಯ ತೋಳನ್ನು ಎಳೆದಿದ್ದರೆ ಬಟ್ಟೆಯೇ ಸೀಳಿಹೋಗುತ್ತಿತ್ತು. ನಂಬಿಕೆ ಬಾರದಿದ್ದರೆ ಯಾವ ದರ್ಜಿಯನ್ನಾದರೂ ಕರೆಸಿ ಕೇಳಿ.

ಆಮೇಲೆ ನನ್ನನ್ನು ಕೇಳಬೇಕಾದ್ದನ್ನೆಲ್ಲ ಕೇಳಿ. ತಪ್ಪಿಗೆ ಶಿಕ್ಷೆ ಇದ್ದರೆ ಅದನ್ನೂ ಬರೆಯಿರಿ. ನಾಲ್ಕನೆಯ ಸಲ ಬಂದು ನಿಮ್ಮ ಬೆಂಚು ಕಾಯಿಸುವ ಶಕ್ತಿ ನನಗಿಲ್ಲ. ಪ್ರಶ್ನೆಗಳನ್ನು ಕೊಟ್ಟು ಯಾರನ್ನಾದರೂ ಕಳಿಸಿ ನನ್ನ ಉತ್ತರ ತರಿಸಿಕೊಳ್ಳಿ. ಸಹಿ ಹಾಕಿಯೇ ಕೊಡುತ್ತೇನೆ. ಅವರು ಅಂಗಡಿಗೆ ಹೋಗುವುದು ಬೇಡ, ಮನೆಗೇ ಬರಲಿ; ವಿಳಾಸ ಪತ್ರಿಕೆಯವರ ಬಳಿ ಇದೆ. ಈ ಪತ್ರ ಅಚ್ಚಾದ ಮೇಲೆ ಅಂಗಡಿಯಲ್ಲಿ ನಾನಿರುವುದಿಲ್ಲ.

ಇಂತಿ,
ಹನ್ನೊಂದು ದಿನ ತಡವಾಗಿ ಬಾಯಿ ಬಿಟ್ಟ
ಹೊಲಿಗೆಯವಳು