ಇಲ್ಲಿ ಎಲ್ಲವೂ ಕ್ರಮವಾಗಿ ನಡೆಯುತ್ತಿದೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಕಡಿಮೆಯಾದವೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಹಡಗು ತೂಗಾಡಿತು ಎಂಬ ನೆಪ ಹೇಳಿ ಬರೀ ಚಹಾ ಕುಡಿದು ಬಿದ್ದುಕೊಂಡಿರುತ್ತೀಯೋ? ನೀನು ಫೋನ್ ಮಾಡಿದಾಗಲೆಲ್ಲ 'ಅಪ್ಪ ಹೇಗಿದ್ದಾರೆ' ಎಂದು ಕೇಳುವಷ್ಟರಲ್ಲಿ ಲೈನು ಕಡಿದುಹೋಗುತ್ತದೆ, ಅದಕ್ಕೇ ಈ ಕಾಗದ. ಇಲ್ಲಿ ನಾವಿಬ್ಬರೂ ಕ್ಷೇಮ. ಬಿದ್ದು ಮುರಿದುಕೊಂಡ ಅಪ್ಪನ ಸೊಂಟ ಮೊದಲಿಗಿಂತ ವಾಸಿ. ಎಬ್ಬಿಸಿ ಕೂರಿಸಿದರೆ ಕೂರುತ್ತಾರೆ, ಹಿಡಿದುಕೊಂಡರೆ ಬಚ್ಚಲಿನವರೆಗೆ ನಡೆಯುತ್ತಾರೆ. ಮಾತು ಮಾತ್ರ ಅಮ್ಮ ಹೋದಾಗಿನಿಂದ ಇದ್ದಷ್ಟೇ: ಕೇಳಿದ್ದಕ್ಕೆಲ್ಲ ಒಂದು 'ಹೂಂ', ಹೆಚ್ಚೆಂದರೆ ಒಂದು 'ಊಹೂಂ'. ನಾನು ಬೆಳಿಗ್ಗೆ ಅವರಿಗೆ ಮೈ ಒರೆಸಿ, ಊಟ ಮುಚ್ಚಿಟ್ಟು ಕನ್ನಡಕದ ಅಂಗಡಿಗೆ ಹೋಗುತ್ತೇನೆ, ಸಂಜೆ ಬಂದು ಮತ್ತೆ ಶುರು ಮಾಡುತ್ತೇನೆ.

ಬರೆಯಲು ಕೂತದ್ದು ಒಂದು ಸಿನಿಮಾದ ವಿಷಯ. ನಗಬೇಡ, ನಾನೂ ಸಿನಿಮಾ ನೋಡುತ್ತೇನೆ. ಅಂಗಡಿಯ ಯಜಮಾನರು ತಮಗೆ ಹೋಗಲಾಗದ ಎರಡು ಟಿಕೆಟ್ ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದವಳು ದಾರಿಯ ಗೋಡೆಯ ಮೇಲೆ ಕಂಡಿದ್ದ ಅದರ ಪೋಸ್ಟರ್ ನೆನಪಾಗಿ ಸುಮ್ಮನಾದೆ: ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜ್, ಸಾಲಾಗಿ ಕೂತ ಆಪರೇಟರ್ ಹೆಂಗಸರು, ಹಿಂದೆ ಕೈಕಟ್ಟಿ ನಿಂತ ಸೂಪರಿಂಟೆಂಡೆಂಟ್. ಅಪ್ಪ ಆಯುಷ್ಯವೆಲ್ಲ ಸವೆಸಿದ್ದು ಅಂಥದ್ದೇ ಜಾಗದಲ್ಲಿ ತಾನೆ. ಗಾಲಿಕುರ್ಚಿ ಮಡಚಿ, ಟ್ಯಾಕ್ಸಿಗೆ ಹತ್ತಿಸಿ, ಇಳಿಸಿ, ಕುರ್ಚಿ ಬಿಡಿಸಿ ಥಿಯೇಟರಿನೊಳಗೆ ಸೇರುವಷ್ಟರಲ್ಲಿ ನಾನು ಹೈರಾಣಾಗಿದ್ದೆ.

ಅದು ಹಾಸ್ಯಚಿತ್ರವೇ, ಆದರೆ ಸಾಕ್ಷ್ಯಚಿತ್ರದ ವೇಷ ಹಾಕಿಕೊಂಡಿದೆ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ಇದೊಂದು ಮಾದರಿ ಎಕ್ಸ್‌ಚೇಂಜ್ ಎಂದು ಚಿತ್ರ ತೆಗೆಯಲು ಕ್ಯಾಮೆರಾದವರು ಬಂದಿದ್ದಾರೆ ಎಂಬುದು ಕಥೆ. ಕಪ್ಪುಬಿಳುಪು, ನಡುನಡುವೆ ಗೀರು, ಕರಕರ ಸದ್ದು. ಆ ಕಾಲದಲ್ಲೇ ತೆಗೆದದ್ದು ಎಂದರೆ ಯಾರಾದರೂ ನಂಬಬೇಕು. ಅದರಲ್ಲಿ ಯಾರೊಬ್ಬರೂ ನಗಿಸಲು ಹೋಗುವುದಿಲ್ಲ, ಅದೇ ಅದರ ಸೊಗಸು. ಒಬ್ಬ ಆಪರೇಟರ್ ಊರವರ ಮಾತನ್ನೆಲ್ಲ ಕದ್ದು ಕೇಳುತ್ತಾಳೆ, ಮುನಿಸಿಕೊಂಡ ಗಂಡಹೆಂಡಿರ ಲೈನನ್ನು ತಾನಾಗಿ ಸೇರಿಸಿ ರಾಜಿ ಮಾಡಿಸುತ್ತಾಳೆ, ಆಮೇಲೆ ಕ್ಯಾಮೆರಾ ಕಡೆ ತಿರುಗಿ, 'ನಾವು ಯಾರ ಮಾತನ್ನೂ ಕೇಳಿಸಿಕೊಳ್ಳೋದಿಲ್ಲ' ಎನ್ನುತ್ತಾಳೆ. ಸೂಪರಿಂಟೆಂಡೆಂಟ್ ಅಂತೂ ಪ್ರತಿ ಸಲವೂ ಟೈ ಸರಿಮಾಡಿಕೊಂಡು, 'ಇಲ್ಲಿ ಎಲ್ಲವೂ ಕ್ರಮವಾಗಿ ನಡೆಯುತ್ತಿದೆ' ಎನ್ನುತ್ತಾನೆ. ಬೆನ್ನ ಹಿಂದೆ ಸ್ವಿಚ್‌ಬೋರ್ಡಿನಿಂದ ಹೊಗೆ ಬರುತ್ತಿರುತ್ತದೆ, ಒಬ್ಬಳು ಬಕೆಟ್ ಹಿಡಿದು ಓಡುತ್ತಿರುತ್ತಾಳೆ. ಅವನು ತಿರುಗಿ ನೋಡುವುದೇ ಇಲ್ಲ. ತಿರುಗಿದರೆ ಹೊಗೆ ಇದೆ ಎಂದು ಒಪ್ಪಿಕೊಳ್ಳಬೇಕಲ್ಲ, ಪಾಪ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತೋ, ಪಕ್ಕೆ ನೋವು ಬಂತು. ನಡುವೆ ಸ್ವಲ್ಪ ಹೊತ್ತು ನಿದ್ದೆ ಹತ್ತಿತು ಎಂಬುದನ್ನೂ ಹೇಳಿಬಿಡುತ್ತೇನೆ, ಅದು ಸಿನಿಮಾದ ತಪ್ಪಲ್ಲ.

ಎಬ್ಬಿಸಿದ್ದು ಅಪ್ಪನ ಗಂಟಲು. ಮಹಾರಾಯರು ಇದನ್ನೆಲ್ಲ ನಿಜವೆಂದೇ ನಂಬಿ ಕೂತಿದ್ದರು! 'ಸುಳ್ಳು ಹೇಳ್ತಿದ್ದಾನೆ ಕಣೇ ಅವ್ನು! ಹೊಗೆ ಬಂದ್ರೆ ನಾವು ಹಾಗೆ ನಿಂತ್ಕೊಳ್ತಿದ್ವಾ?' ಎಂದು ಕೂಗಿದರು. ಇಡೀ ಥಿಯೇಟರ್ ಗೊಳ್ಳೆಂದಿತು. ನನಗೋ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆದರೆ ಯೋಚಿಸು, 'ಹೂಂ' ದಾಟದ ಮನುಷ್ಯ ಒಂದೇ ಉಸಿರಿಗೆ ಅಷ್ಟು ಮಾತು! ನಟರು ತಮಾಷೆಗೆ ಆಡಿದ್ದು ಅಪ್ಪಾ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನ, 'ಆ ಸಿನಿಮಾದವ್ರನ್ನ ಕರೆಸು, ನಂದೂ ಒಂದು ಹೇಳಿಕೆ ತಗೊಳ್ಲಿ' ಎಂದು ಪಟ್ಟು ಹಿಡಿದರು. ಬುದ್ಧಿ ಮಂಕಾಯಿತೇನೋ ಎಂದು ಹೆದರಿಕೆಯಾಯಿತು. ವಾದ ಮಾಡುವ ತ್ರಾಣವೂ ಇರಲಿಲ್ಲ. ನನ್ನ ಫೋನನ್ನೇ ಎತ್ತಿ ಹಿಡಿದು, 'ಸರಿ, ನಾನೇ ಸಿನಿಮಾದವಳು' ಎಂದೆ. ತಲೆ ಬಾಚಿಸಿಕೊಂಡರು, ಅಂಗಿಯ ಮೇಲಿನ ಗುಂಡಿ ಹಾಕಿಸಿಕೊಂಡರು, ಆಮೇಲೆ ಗಂಭೀರವಾಗಿ, 'ಕೇಳಿ ಮೇಡಂ' ಎಂದರು. ಹೆತ್ತ ಮಗಳಿಗೆ ಮೇಡಂ! ಅಂದಿನಿಂದ ದಿನಾ ಸಂಜೆ ನಮ್ಮ ಮನೆಯಲ್ಲಿ ಶೂಟಿಂಗ್. ಅಮ್ಮ ಆಪರೇಟರಾಗಿ ಸೇರಿದ ಮೊದಲ ದಿನವೇ ಅಪ್ಪ ಮೇಲಧಿಕಾರಿಯ ಜೊತೆ ಮಾತಾಡುತ್ತಿದ್ದ ಲೈನನ್ನು ಕಿತ್ತುಹಾಕಿದ್ದಳಂತೆ, ಆಮೇಲೆ ತಾನೇ ಅಪ್ಪನಿಗೆ ಬೈದು ಬುದ್ಧಿ ಹೇಳಿದಳಂತೆ. ನಿನಗೆ ಗೊತ್ತಿತ್ತೇನೋ? ನನಗಂತೂ ಗೊತ್ತಿರಲಿಲ್ಲ. ಫೋನ್ ಕೆಳಗಿಟ್ಟರೆ ಮತ್ತೆ ಅದೇ 'ಹೂಂ'.

ಆ ಸಿನಿಮಾ ಎಲ್ಲಾದರೂ ಸಿಕ್ಕರೆ ನೋಡು, ಜೊತೆಯವರಿಗೂ ತೋರಿಸು. ತೋಳು ಮುಚ್ಚುವ ಅಂಗಿ ಹಾಕಿಕೊಂಡೇ ಎಂಜಿನ್ ಹತ್ತಿರ ಹೋಗು. ಅಪ್ಪನ ಆಶೀರ್ವಾದ ಈ ಕಾಗದದ ಜೊತೆಗಿದೆ, ನನ್ನ ಕಡೆಯಿಂದ ಕಿವಿಗೊಂದು ಹಿಂಡು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಬರೆದುಬಿಡುತ್ತೇನೆ. ನಿನ್ನೆ ಏನು ಕೇಳಬೇಕೋ ತೋಚದೆ, 'ಈಗ ನಿಮ್ಮನ್ನ ಯಾರು ನೋಡ್ಕೊಳ್ತಾರೆ ಸಾರ್?' ಎಂದೆ. ಅಪ್ಪ ಫೋನಿನಿಂದ ಕಣ್ಣೆತ್ತಿ ನನ್ನ ಮುಖವನ್ನೇ ನೋಡಿದರು. ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಕಣೋ, ಮೊದಲಿನಿಂದಲೂ ಗೊತ್ತಿತ್ತು. ಮತ್ತೆ ಕ್ಯಾಮೆರಾ ನೋಡಿ ಹೇಳಿದರು: 'ಮಗಳಿದ್ದಾಳೆ ಮೇಡಂ. ತುಂಬ ಸುಸ್ತಾಗಿದ್ದಾಳೆ. ಸಿನಿಮಾ ನೋಡ್ತಾನೇ ನಿದ್ದೆ ಹೋದ್ಲು. ನಾನು ಕೇಳಿದ್ರೆ ಏನೂ ಇಲ್ಲ ಅಂತಾಳೆ, ಅದಕ್ಕೇ ಕೇಳಲ್ಲ. ಹಡಗಿನಲ್ಲಿರೋ ನನ್ನ ಮಗನಿಗೆ ಇದನ್ನ ತೋರ್ಸಿ, ಒಂದು ತಿಂಗಳಾದ್ರೂ ಬಂದಿರ್ಲಿ. ಮಗಳಿಗೆ ಮಾತ್ರ ಹೇಳ್ಬೇಡಿ.' ನಾನು 'ಆಗ್ಲಿ ಸಾರ್' ಎಂದೆ. ತಮ್ಮಾ, ಮೇಲೆ 'ನಾವಿಬ್ಬರೂ ಕ್ಷೇಮ' ಎಂದು ಬರೆದಿದ್ದೇನಲ್ಲ, ಅದು ಆ ಸೂಪರಿಂಟೆಂಡೆಂಟನ ಮಾತು. ರಜೆ ಕೇಳಿ ಬಂದುಬಿಡು.